ಹಳೆಯ ಇಗರ್ಜಿಯ ಫೋಟೊ ತೆಗೆಯುವ ಕ್ರಮ: ಬಳಕೆದಾರರ ಕೈಪಿಡಿ

ಕ್ಯಾಮೆರಾ ಕೊಂಡಿದ್ದಕ್ಕೆ ಅಭಿನಂದನೆಗಳು. ಅದರ ಪೆಟ್ಟಿಗೆಯಲ್ಲಿ ಹತ್ತಾರು ಭಾಷೆಯ ಒಂದು ಪುಸ್ತಕ ಇತ್ತು. ಅದರಲ್ಲಿ ಕನ್ನಡ ಇರಲಿಲ್ಲ, ಇದ್ದಿದ್ದರೂ ನೀವು ಓದುತ್ತಿರಲಿಲ್ಲ. ಆ ಕೊರತೆ ನೀಗಲೆಂದು ಈ ಪೂರಕ ಕೈಪಿಡಿ. ಗುಂಡಿಗಳ ವಿಚಾರ ಇದರಲ್ಲಿ ಕಡಿಮೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಯಾವುದಾದರೂ ಹಳೆಯ ಇಗರ್ಜಿಯ ಎದುರು ನಿಂತಾಗ ಕೈಯನ್ನೂ ಬಾಯನ್ನೂ ಎಲ್ಲಿಡಬೇಕು ಎಂಬುದೇ ಇದರ ವಿಷಯ. ಉಪಕರಣವನ್ನು ಚಾಲೂ ಮಾಡುವ ಮೊದಲು ಪೂರ್ತಿ ಓದಿ. ಓದಿಯಾದ ಮೇಲೆ ಬೇರೆಯವರಿಗೆ ಕೊಡಿ, ಅವರೂ ಓದುವುದಿಲ್ಲ.

1. ಈ ಕೈಪಿಡಿ ಯಾವ ಮಾದರಿಗೆ ಅನ್ವಯ

ಜಾಲಿಯಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಜಾಲಿ ಭಟ್ಕಳಕ್ಕೆ ಅಂಟಿಕೊಂಡ ಕಡಲಂಚಿನ ಊರು. ಇಲ್ಲಿಯ ಸೂರ್ಯಾಸ್ತವನ್ನು ಎಲ್ಲರೂ ತೆಗೆದಾಗಿದೆ, ಆದ್ದರಿಂದ ಬೇರೆ ವಿಷಯ ಹುಡುಕುವುದು ಅನಿವಾರ್ಯ. ಹೆದ್ದಾರಿ 66 ಹಿಡಿದು ಉತ್ತರಕ್ಕೆ ಶಿರಾಲಿ, ಮುರ್ಡೇಶ್ವರ, ಮಂಕಿ ದಾಟಿ, ಕಾಸರಕೋಡಿನ ಬಳಿ ಶರಾವತಿ ಸೇತುವೆ ಹಾಯ್ದರೆ ಹೊನ್ನಾವರ. ಅಲ್ಲಿಂದ ಕುಮಟೆ ಕಡೆ ಒಳನಾಡಿನಲ್ಲಿ ಚಂದಾವರ. ದಾರಿಗಾಗಿ ಮೂವರನ್ನು ಕೇಳಿದರೆ ಮೂರು ದಾರಿ ಹೇಳುತ್ತಾರೆ. ಮೂರೂ ಮುಟ್ಟಿಸುತ್ತವೆ, ಮೂರರಲ್ಲೂ ಒಂದು ಚಾದಂಗಡಿ ಇರುತ್ತದೆ. ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಗರ್ಜಿಯನ್ನು ಈ ಕೈಪಿಡಿ ಪ್ರಮಾಣಿತ ಮಾದರಿಯೆಂದು ಇಟ್ಟುಕೊಂಡಿದೆ. ಸೀಮೆಯ ಉಳಿದ ಇಗರ್ಜಿಗಳಿಗೂ ಸೂಚನೆಗಳು ಅಲ್ಪ ಸ್ವಲ್ಪ ಬದಲಾವಣೆಯೊಂದಿಗೆ ನಡೆಯುತ್ತವೆ.

ಪಾಳುಬಿದ್ದದ್ದೇ ಬೇಕು ಎಂದು ಹಟ ಹಿಡಿದವರು ದಯವಿಟ್ಟು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಅಲ್ಲಿಯ ರೋಸರಿ ಚರ್ಚು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಅದಕ್ಕೆ ಮಾಡು ಇಲ್ಲ, ಪಾದ್ರಿಯಿಲ್ಲ, ಬಣ್ಣ ಬಳಿಸುವ ಸಮಿತಿಯೂ ಇಲ್ಲ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬಂದ ಜೋಡಿಗಳು ಒಂದಿಷ್ಟು ಸರಿದರೆ ಚಿತ್ರ ತನ್ನಷ್ಟಕ್ಕೆ ಬರುತ್ತದೆ. ನಮ್ಮ ಕರಾವಳಿಯ ಇಗರ್ಜಿಗಳನ್ನು ಜನ ಇನ್ನೂ ಬಿಟ್ಟುಹೋಗಿಲ್ಲ. ಫೋಟೊ ತೆಗೆಯುವವನ ದೃಷ್ಟಿಯಿಂದ ಇವುಗಳ ತಯಾರಿಕಾ ದೋಷವೇ ಅದು: ಹಳೆಯವು, ಆದರೆ ಹಳೆಯದರಂತೆ ಕಾಣಲು ಒಪ್ಪುವುದಿಲ್ಲ.

2. ಎಚ್ಚರಿಕೆಗಳು

ಒಂದು: ಪಾದ್ರಿಯವರ ಅಪ್ಪಣೆ ಇಲ್ಲದೆ ಉಪಕರಣವನ್ನು ಚೀಲದಿಂದ ಹೊರತೆಗೆಯಬೇಡಿ. ಅವರ ಮನೆ ಇಗರ್ಜಿಯ ಮಗ್ಗುಲಲ್ಲೇ ಇರುತ್ತದೆ. ನಿಮ್ಮನ್ನು ಕೇಳುವ ಪ್ರಶ್ನೆಗಳ ಅನುಕ್ರಮ ಹೀಗಿದೆ: ಎಲ್ಲಿಂದ ಬಂದ್ರಿ, ಯಾವ ಪೇಪರಿನವರು, ಯೂಟ್ಯೂಬಾ, ಚಾ ಕುಡಿತೀರಾ. ನಾಲ್ಕನೆಯದಕ್ಕೆ ಹೌದು ಎನ್ನಿ. ಮೊದಲ ಮೂರರ ಉತ್ತರ ಆಮೇಲೆ ಅಷ್ಟೊಂದು ಮುಖ್ಯವಾಗುವುದಿಲ್ಲ.

ಎರಡು: ಮೀಸ್, ಅಂದರೆ ಪೂಜೆ, ನಡೆಯುವಾಗ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಪಾಪ ನಿವೇದನೆಗೆ ಮೊಣಕಾಲೂರಿದವರ ಚಿತ್ರ ಎಷ್ಟೇ ಚೆಂದ ಕಂಡರೂ ತೆಗೆಯುವಂತಿಲ್ಲ. ಆ ಮಾತುಕತೆಯಲ್ಲಿ ಮೂರನೆಯವರಿಗೆ ಜಾಗವಿಲ್ಲ, ಮಸೂರಕ್ಕಂತೂ ಮೊದಲೇ ಇಲ್ಲ.

ಮೂರು: ಬಾಗಿಲ ಹೊರಗೆ ಚಪ್ಪಲಿಗಳ ಸಾಲಿದ್ದರೆ ನಿಮ್ಮದೂ ಅಲ್ಲೇ ಇರಲಿ. ಸಿಮಿತ್ರಿಯಲ್ಲಿ, ಅಂದರೆ ಇಗರ್ಜಿಯ ಸ್ಮಶಾನದಲ್ಲಿ, ‘ಆ್ಯಂಗಲ್’ ಹುಡುಕುತ್ತ ಗೋರಿಯ ಮೇಲೆ ಹತ್ತಬೇಡಿ. ಕೆಳಗಿರುವವರ ಮೊಮ್ಮಗ ಗೇಟಿನ ಹತ್ತಿರ ನಿಂತು ನೋಡುತ್ತಿರುತ್ತಾನೆ.

ನಾಲ್ಕು: ನೀರಿನಿಂದ ದೂರವಿಡಿ ಎಂದು ಎಲ್ಲ ಕೈಪಿಡಿಯಲ್ಲೂ ಬರೆದಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಸೀಮೆಯಲ್ಲಿ ಈ ಮಾತಿಗೆ ಅರ್ಥವಿಲ್ಲ. ಜೂನಿನಿಂದ ಸಪ್ಟೆಂಬರಿನವರೆಗೆ ಹೊರಟರೆ ದೊಡ್ಡ ಛತ್ರಿ, ಅದನ್ನು ಹಿಡಿಯಲು ಒಬ್ಬ ಜನ, ಚೀಲದ ತುಂಬ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲವಾದರೆ ಮಸೂರದೊಳಗೆ ಬೂಷ್ಟು ಮನೆ ಮಾಡುತ್ತದೆ, ಬಾಡಿಗೆಯನ್ನೂ ಕೊಡುವುದಿಲ್ಲ.

3. ಬೇಕಾಗುವ ಸಾಮಗ್ರಿ

ಕ್ಯಾಮೆರಾ ಅಥವಾ ಮೊಬೈಲು. ಮುಕ್ಕಾಲಿ. ಒಂದು ಟಾರ್ಚು. ಅಳತೆ ಟೇಪು. ಗೆರೆಯಿಲ್ಲದ ನೋಟ್‌ಬುಕ್ಕು, ಪೆನ್ಸಿಲು. ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಸಿಗದ, ಆದರೆ ಇಲ್ಲದಿದ್ದರೆ ಯಾವುದೂ ನಡೆಯದ ಬಿಡಿಭಾಗ ಒಂದಿದೆ: ಊರಿನ ಒಬ್ಬ ಹಿರಿಯರು. ಇಗರ್ಜಿ ಹಬ್ಬವಾದ ಫೆಸ್ತಿನ ಪಲ್ಲಕ್ಕಿ ಹೊತ್ತವರೋ, ಗಂಟೆ ಹೊಡೆದವರೋ, ಲಾದೈನಿ ಪ್ರಾರ್ಥನೆ ಹಾಡಿದವರೋ ಆದರೆ ಒಳ್ಳೆಯದು. ಇವರನ್ನು ರೀಚಾರ್ಜ್ ಮಾಡುವ ಅಗತ್ಯವಿಲ್ಲ, ಆರಿಸುವ ಗುಂಡಿಯೂ ಇಲ್ಲ.

4. ಮುಖದ ಚಿತ್ರ

ಗೋವೆಯ ಮಾದರಿಯಲ್ಲಿ ಕಟ್ಟಿದ ಇಗರ್ಜಿಗಳು ಮುಖಕ್ಕೆ ಹೆಚ್ಚು ಖರ್ಚು ಮಾಡುತ್ತವೆ. ನಡುವೆ ಏರಿದ ಶಿಖರಗೋಡೆ, ಅದರ ತುದಿಗೆ ಶಿಲುಬೆ, ಗೋಡೆಗಂಟಿದ ಅರೆಗಂಬಗಳು, ಮೇಲೊಂದು ದುಂಡು ಕಿಂಡಿ, ಕೆಳಗೆ ಕಮಾನು ಬಾಗಿಲು, ಪಕ್ಕಕ್ಕೆ ಗಂಟೆಗೋಪುರ, ಎದುರಿನ ಅಂಗಳದಲ್ಲಿ ಕಟ್ಟೆಯ ಮೇಲೆ ನಿಂತ ದೊಡ್ಡ ಶಿಲುಬೆ, ಅಂದರೆ ಖುರ್ಸ್. ಪೀಠ ಪೂರ್ವಕ್ಕೆ, ಬಾಗಿಲು ಪಶ್ಚಿಮಕ್ಕೆ ಇಡುವುದು ಹಳೆಯ ವಾಡಿಕೆ. ಹಾಗೆ ಕಟ್ಟಿದ್ದರೆ ಬೆಳಿಗ್ಗೆ ಬೇಗ ಎದ್ದು ಹೋಗಿ ಪ್ರಯೋಜನವಿಲ್ಲ. ಮೂರು ಗಂಟೆಯ ಮೇಲೆ ಬಿಸಿಲು ತಾನಾಗಿ ಮುಖಕ್ಕೆ ಬರುತ್ತದೆ. ದಿಕ್ಕು ಎಲ್ಲ ಕಡೆ ಒಂದೇ ಇರುವುದಿಲ್ಲ. ಮೊದಲು ಮೊಬೈಲಿನ ದಿಕ್ಸೂಚಿ ನೋಡಿ, ಆಮೇಲೆ ಅಲಾರಂ ಇಡಿ.

ಕ್ಯಾಮೆರಾದ ಬೆಳಕಿನ ಮೀಟರು ಲೋಕವೆಲ್ಲ ನಡುಬೂದಿ ಬಣ್ಣದ್ದು ಎಂದು ನಂಬಿದ ಪ್ರಾಣಿ. ಬಿಳಿ ಗೋಡೆ ತೋರಿಸಿದರೆ ಅದನ್ನೂ ಬೂದಿ ಮಾಡಿಕೊಡುತ್ತದೆ. ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಸ್ಟಾಪು ಏರಿಸಿದರೆ ಸುಣ್ಣ ಸುಣ್ಣದಂತೆ ಕಾಣುತ್ತದೆ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ಇಗರ್ಜಿ ಹಿಂದಕ್ಕೆ ವಾಲಿದಂತೆ ಬರುತ್ತದೆ. ಅಂಗಳದ ಕೊನೆಯವರೆಗೂ ಹಿಂದೆ ಸರಿದು, ಕ್ಯಾಮೆರಾವನ್ನು ನೆಟ್ಟಗೆ ಹಿಡಿಯಿರಿ. ಹಿಂದೆ ಸರಿಯುವಾಗ ತೆಂಗಿನ ಮರ, ಬಾವಿ ಮತ್ತು ನಿಲ್ಲಿಸಿದ ಸ್ಕೂಟರುಗಳನ್ನು ಗಮನಿಸಿ.

ಈಗ ದೃಶ್ಯದಲ್ಲಿ ಉಳಿದಿರುವ ವಸ್ತುಗಳು: ಮೂರು ಕರೆಂಟು ತಂತಿ, ತಗಡಿನ ಚಪ್ಪರ, ನಾಲ್ವರು ದಾನಿಗಳ ಫೋಟೊ ಇರುವ ಫ್ಲೆಕ್ಸು, ಇಂಟರ್‌ಲಾಕ್ ಹಾಸು, ಹೋದ ಕ್ರಿಸ್‌ಮಸ್ಸಿನ ನಕ್ಷತ್ರ. ಇವನ್ನು ತೆಗೆಸಲು ಹೋಗಬೇಡಿ. ಗೋಡೆಯ ಬಣ್ಣ ಕೆನೆಯದ್ದೋ ತಿಳಿನೀಲಿಯದ್ದೋ ಇದ್ದು, ಅಂಚಿಗೆ ಕುಂಕುಮಗೆಂಪು ಎಳೆದಿದ್ದರೆ ಬೇಸರಪಟ್ಟುಕೊಳ್ಳಬೇಡಿ. ಬಣ್ಣ ಮಾಸಿ, ಪಾಚಿ ಕಟ್ಟಿ, ನೀವು ಕನಸಿನಲ್ಲಿ ಕಂಡ ಹಾಗೆಯೇ ಇದ್ದ ದಿನ ಹೋದಿರೋ, ಸಮಿತಿಯವರೊಬ್ಬರು ಓಡಿಬಂದು ಕೈ ಅಡ್ಡ ಹಿಡಿಯುತ್ತಾರೆ: “ಈಗ ಬೇಡ್ರಾ, ಎಂತ ಚೆಂದ ಇಲ್ಲ. ಬಣ್ಣ ಹೊಡೆದ್ಮೇಲೆ ಬನ್ನಿ.” ನಿಮಗೆ ಹಳತು ಬೇಕು, ಅವರಿಗೆ ಗೋಡೆ ಬೇಕು. ವಾದದಲ್ಲಿ ಅವರೇ ಗೆಲ್ಲುತ್ತಾರೆ, ಏಕೆಂದರೆ ಕಲ್ಲು ಅವರ ಪರ.

ಒಳಗಿರುವುದು ಚಿರೇಕಲ್ಲು. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ, ಮೈತುಂಬ ತೂತು. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ, 1801ರಲ್ಲಿ ಇದೇ ಕರಾವಳಿಯನ್ನು ಹಾದು ಹೋದ. ಎರಡೂ ಸಂಗತಿ 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿವೆ. ಇಂಥ ಕಲ್ಲಿನ ಗೋಡೆಯನ್ನು ಬರಿಮೈಯಲ್ಲಿ ಮಳೆಗೆ ನಿಲ್ಲಿಸಿದರೆ ನೀರು ತೂತಿಗಿಳಿದು ತನ್ನ ಕೆಲಸ ಮಾಡುತ್ತದೆ. ಹಳಬರು ಚಿಪ್ಪಿ ಸುಟ್ಟು ಮಾಡಿದ ಸುಣ್ಣದ ಗಾರೆ ಮೆತ್ತಿ, ಮೇಲೆ ಮತ್ತೆ ಮತ್ತೆ ಸುಣ್ಣ ಬಳಿದದ್ದು ಇದಕ್ಕೆ. ಆದ್ದರಿಂದ ಗೋಡೆಯ ಮೂಲೆಯಲ್ಲಿ ಉಗುರಿನಿಂದ ಕೆರೆದು ‘ಅಸಲಿ’ ಕಲ್ಲು ಹುಡುಕುವುದನ್ನು ಈ ಕೈಪಿಡಿ ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಮೇಲಿನ ಹೊಸ ಬಣ್ಣದಿಂದಲೇ ಒಳಗಿನ ಹಳೆಯ ಕಲ್ಲು ಬದುಕಿದೆ.

5. ಒಳಗಿನ ಚಿತ್ರ

ಬಾಗಿಲು ದಾಟಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣಿಗೆ ಕತ್ತಲು ಹೊಂದಿಕೊಳ್ಳಲಿ. ತಲೆಯ ಮೇಲೆ ಹಾಡುವವರ ಅಟ್ಟ, ಎದುರಿಗೆ ಕೆತ್ತಿದ ಮರದ ಪೀಠ, ಅದರ ಗೂಡುಗಳಲ್ಲಿ ಸಂತರು. ಫ್ಲ್ಯಾಶ್ ಹೊಡೆದರೆ ಚಿನ್ನದ ಬಣ್ಣವೆಲ್ಲ ಬಿಳಿಚಿಕೊಂಡು, ಸಂತರು ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. ಮುಕ್ಕಾಲಿ ನಿಲ್ಲಿಸಿ, ಶಟರು ಎರಡು ಮೂರು ಸೆಕೆಂಡು ತೆರೆದಿಡಿ, ಉಸಿರು ಹಿಡಿಯಿರಿ.

ನೆಲದಲ್ಲೋ ಹಿತ್ತಿಲಲ್ಲೋ ಅಕ್ಷರ ಸವೆದ ಸಮಾಧಿ ಕಲ್ಲು ಸಿಕ್ಕರೆ ಟಾರ್ಚಿಗೆ ಕೆಲಸ. ಕಲ್ಲಿಗೆ ಸುಣ್ಣದ ಕಡ್ಡಿ ತಿಕ್ಕಬೇಡಿ, ನೀರು ಸುರಿಯಬೇಡಿ, ಚೂಪಾದ ಯಾವುದನ್ನೂ ಮುಟ್ಟಿಸಬೇಡಿ. ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ತಂದು ಮಗ್ಗುಲಿನಿಂದ ಅಡ್ಡಡ್ಡ ಬೆಳಕು ಬಿಡಿ. ಹಗಲಲ್ಲಿ ಸಪಾಟಾಗಿ ಕಂಡ ಕಲ್ಲಿನ ತಗ್ಗುಗಳಲ್ಲಿ ನೆರಳು ತುಂಬಿಕೊಂಡು ಅಕ್ಷರ ಏಳುತ್ತದೆ. ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೆಯಿರಿ. ಎಡದಿಂದ ಕಾಣದ ಅಕ್ಷರ ಬಲದಿಂದ ಕಾಣುತ್ತದೆ. ‘ಆಕಿ ಜಾಜ್’ ಎಂದು ಓದಿಕೊಂಡರೆ ಗಾಬರಿ ಬೇಡ, ಅದು ‘ಇಲ್ಲಿ ಮಲಗಿದ್ದಾನೆ’ ಎನ್ನುವ ಪೋರ್ಚುಗೀಸು. ಸಿಮಿತ್ರಿಯ ಹೊಸ ಸಾಲಿಗೆ ಬಂದರೆ ಕೊಂಕಣಿ ಸಿಗುತ್ತದೆ, ಕೆಲವು ರೋಮನ್ ಲಿಪಿಯಲ್ಲಿ, ಕೆಲವು ಕನ್ನಡ ಲಿಪಿಯಲ್ಲಿ. ಕ್ರಮವಾಗಿ ಸಾಲು ಸಾಲಾಗಿ ಫೋಟೊ ತೆಗೆದಿಟ್ಟುಕೊಂಡರೆ ಊರಿನ ಅಕ್ಷರಾಭ್ಯಾಸದ ಚರಿತ್ರೆ ಪುಕ್ಕಟೆ ದಕ್ಕುತ್ತದೆ.

6. ವಯಸ್ಸು ಪತ್ತೆಹಚ್ಚುವ ವಿಧಾನ

ಇದು ಅತ್ಯಂತ ಕ್ಲಿಷ್ಟ ಭಾಗ. ಕೈ ಪಳಗಿಸಿಕೊಳ್ಳಲು ಮೊದಲು ಭಟ್ಕಳದಲ್ಲೇ ಒಂದು ಅಭ್ಯಾಸ ಮಾಡಿ. ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1727ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಭಟ್ಕಳದ ಕಥೆಯೊಂದನ್ನು ಹೇಳುತ್ತಾನೆ: 1670ರ ಸುಮಾರಿಗೆ ಇಂಗ್ಲಿಷರ ಬುಲ್‌ಡಾಗ್ ದೇವಸ್ಥಾನದ ಹಸುವನ್ನು ಕೊಂದಿತು, ರೊಚ್ಚಿಗೆದ್ದ ಜನ ಹದಿನೆಂಟು ಇಂಗ್ಲಿಷರನ್ನೂ ಕೊಂದರು, ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಹೂಳಲಾಯಿತು. ಸೊಗಸಾದ ಕಥೆ. ಆದರೆ 1883ರ ಮುಂಬಯಿ ಗ್ಯಾಝೆಟಿಯರ್ ದಾಖಲಿಸಿದ ಭಟ್ಕಳದ ಇಂಗ್ಲಿಷ್ ಗೋರಿಗಳು ಮೂರು, ಅವುಗಳ ಮೇಲಿನ ಇಸವಿ 1637 ಮತ್ತು 1638. ಅಲ್ಲಿ ಮಲಗಿದವರು ಇಬ್ಬರು ವ್ಯಾಪಾರಿಗಳು, ಒಬ್ಬ ಶಸ್ತ್ರವೈದ್ಯ. ನಾಯಿಯ ಸುದ್ದಿ ಕಲ್ಲಿನಲ್ಲಿಲ್ಲ, ಹದಿನೆಂಟು ಜನರ ಸುದ್ದಿಯೂ ಇಲ್ಲ. ಪಾಠ: ಕಥೆಯನ್ನು ಪೂರ್ತಿ ಕೇಳಿ, ಇಸವಿಯನ್ನು ಮಾತ್ರ ಕಲ್ಲಿನಿಂದ ಬರೆದುಕೊಳ್ಳಿ.

ಆದರೆ ಕಲ್ಲೂ ಸಾಚಾ ಅಲ್ಲ. ಇಗರ್ಜಿಯ ಬಾಗಿಲ ಮೇಲೆ ಬರೆದ ಇಸವಿ ಬಹುಮಟ್ಟಿಗೆ ಕೊನೆಯ ಜೀರ್ಣೋದ್ಧಾರದ್ದು. ಅದರ ಹಿಂದೆ ಎಷ್ಟು ಜೀರ್ಣ, ಎಷ್ಟು ಉದ್ಧಾರ ಆಗಿವೆಯೋ ಅದು ಹೇಳುವುದಿಲ್ಲ. ಗಂಟೆಯ ಮೇಲಿನ ಇಸವಿ ಗಂಟೆಯದು. ಗಂಟೆಗಳು ಊರೂರು ತಿರುಗುತ್ತವೆ. ಮಾಡಿನಿಂದ ಬಿದ್ದ ಹಂಚನ್ನು ಮಗುಚಿದಾಗ 1865 ಎಂದು ಕಂಡರೆ ಕುಣಿಯಬೇಡಿ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆಮೇಲಿನ ವರ್ಷಗಳಲ್ಲೂ ಹಂಚಿನ ಬೆನ್ನಿಗೆ ಅದೇ ಇಸವಿ ಒತ್ತುತ್ತಿದ್ದರು. 1865ರ ಹಂಚು ನಿಮ್ಮ ಅಜ್ಜನ ಮನೆಯಲ್ಲೂ ಇದೆ, ಕೋಳಿಗೂಡಿನ ಮೇಲೂ ಇದೆ.

ಸಂತರ ಇಸವಿಗಳನ್ನೂ ಬಾಯಿಪಾಠ ಮಾಡಿಕೊಳ್ಳಿ. ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದಿಳಿದದ್ದು 1542ರ ಮೇ ತಿಂಗಳಲ್ಲಿ, ಚೀನದ ಕರೆಯ ದ್ವೀಪವೊಂದರಲ್ಲಿ ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಸಂತರೆಂದು ಘೋಷಿತರಾದದ್ದು 1622ರಲ್ಲಿ. ಯಾವುದೇ ಊರಿನಲ್ಲಿ ‘ಸಂತರೇ ಬಂದು ಕಟ್ಟಿಸಿದ್ದು’ ಎಂದು ಕೇಳಿದಾಗ ಈ ಮೂರು ಇಸವಿಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡು, ಬಾಯಲ್ಲಿ ‘ಹೌದಾ’ ಎನ್ನಿ.

ಇಷ್ಟಾದ ಮೇಲೆ ಈ ಸೀಮೆಯ ಕಾಲಪಟ್ಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ. ಪೋರ್ಚುಗೀಸರು 1560ರ ದಶಕದ ಕೊನೆಗೆ ಹೊನ್ನಾವರವನ್ನು ಹಿಡಿದು ಕೋಟೆ ಮಾಡಿಕೊಂಡರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಯಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಂಡ. ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದ. ಅವನ ಹತ್ತಿರ ಕ್ಯಾಮೆರಾ ಇರಲಿಲ್ಲ, ಹಾಗಾಗಿ ಗಮನವಿಟ್ಟು ನೋಡಿದ. 1654ರಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರದಿಂದ ಪೋರ್ಚುಗೀಸರನ್ನು ಓಡಿಸಿದ. ಇಗರ್ಜಿಯ ಚರಿತ್ರೆ ಇಲ್ಲಿಗೆ ಮುಗಿಯಿತು ಎಂದು ನೀವು ಪುಸ್ತಕ ಮುಚ್ಚುವ ಹೊತ್ತಿಗೆ 1678 ಬರುತ್ತದೆ.

ಆ ವರ್ಷ, ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಕೆಳದಿಗೂ ಗೋವೆಗೂ ಒಂದು ಕರಾರಾಯಿತು. ಮಿರ್ಜಾನ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತು. ಒಂದು ತಲೆಮಾರಿನ ಹಿಂದೆ ಓಡಿಸಿದವರಿಗೇ ಈ ಉದಾರತೆ ಏಕೆ? ಧರ್ಮಶಾಸ್ತ್ರದಲ್ಲಿ ಹುಡುಕಬೇಡಿ, ಅಕ್ಕಿ ಮೂಟೆಯಲ್ಲಿ ಹುಡುಕಿ. ಗೋವೆ ಉಣ್ಣುತ್ತಿದ್ದದ್ದು ಕೆನರಾದ, ಅಂದರೆ ಈ ಕರಾವಳಿಯ, ಅಕ್ಕಿ. ಕೆಳದಿಗೆ ಬೇಕಾದದ್ದು ಕಡಲಿನ ಮೇಲೆ ತಂಟೆಯಿಲ್ಲದ ವ್ಯಾಪಾರ. ಲಿಂಗವಂತ ಅರಸು ಮನೆತನ, ರೋಮಿನ ಪೂಜೆ, ಗದ್ದೆಯ ಅಕ್ಕಿ ಮೂರೂ ಒಂದೇ ಕಾಗದದಲ್ಲಿ ರುಜು ಹಾಕಿದ್ದವು. ಇದರ ಬೆನ್ನಿಗೆ, 1681ರಿಂದ 1684ರವರೆಗೆ, ಗೋವೆಯ ಪಾದ್ರಿ ಜೋಸೆಫ್ ವಾಜ್ ಕೆನರಾದಲ್ಲಿ ಊರೂರು ತಿರುಗಿದರು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದ್ದು ಇವರನ್ನೇ.

ಸುಮಾರು ಎಂಬತ್ತು ವರ್ಷ ಕಳೆಯಿತು. 1763ರಲ್ಲಿ ಕೆಳದಿ ಹೈದರಲಿಗೆ ಸೇರಿತು. 1783ರಲ್ಲಿ ಇಂಗ್ಲಿಷರು ಹೊನ್ನಾವರದ ಕೋಟೆ ಹಿಡಿದರು. ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು. ಕ್ಯಾಪ್ಟನ್ ಟೋರಿಯಾನೊ ಎಂಬವನು ಒಳಗೆ ತಿಂಗಳುಗಟ್ಟಲೆ ಕಾದ. 1784ರ ಬೂದಿ ಬುಧವಾರ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ 30 ಸಾವಿರದಿಂದ 60 ಸಾವಿರ ದಾಟಿ ಬದಲಾಗುತ್ತದೆ. ಕೆಡವಿದ ಇಗರ್ಜಿಗಳು 27 ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮೂಡುಬಿದಿರೆಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಅಲ್ಲಿಯ ಜೈನ ಚೌಟ ಅರಸರ ಮಾತಿನಿಂದ ಉಳಿಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿದ್ದವರು ಹಿಂತಿರುಗಿದರು. ಬಂದವರು ಗದ್ದೆ ಹುಡುಕಿದರು, ಮನೆ ಹುಡುಕಿದರು, ಆಮೇಲೆ ಮತ್ತೆ ಇಗರ್ಜಿ ಎಬ್ಬಿಸಿದರು.

ಲೆಕ್ಕ ಹಾಕಿ. ಇಂಥ ಕರಾವಳಿಯಲ್ಲಿ 1784ಕ್ಕಿಂತ ಹಿಂದಿನ ಗೋಡೆ ಸಿಗಬೇಕಾದರೆ ಅದೃಷ್ಟ ಬೇಕು. ‘ಈ ಇಗರ್ಜಿಗೆ ಎಷ್ಟು ವರ್ಷ?’ ಎಂಬ ಪ್ರಶ್ನೆಯನ್ನು ಗೋಡೆಗೆ ಕೇಳಿದರೆ ಒಂದು ಉತ್ತರ, ಜನಕ್ಕೆ ಕೇಳಿದರೆ ಇನ್ನೊಂದು. ಗೋಡೆಯ ಉತ್ತರ ಯಾವಾಗಲೂ ಕಡಿಮೆ. ಇಲ್ಲಿ ಅತ್ಯಂತ ಹಳೆಯದೆಂದರೆ, ಬಿದ್ದ ಜಾಗಕ್ಕೇ ಬಂದು ಮತ್ತೆ ಕಟ್ಟುವ ಈ ಚಾಳಿ. ಅದನ್ನು ಹಿಡಿಯಲು ಬರೀ ಮಸೂರ ಸಾಲುವುದಿಲ್ಲ. ಮುಂದಿನ ಭಾಗ ನೋಡಿ.

7. ಕಾಗದಪತ್ರಗಳ ಜೋಡಣೆ

ಟ್ರೆಂಟ್ ಮಹಾಸಭೆ 1563ರಲ್ಲೇ ಪ್ರತಿ ಇಗರ್ಜಿಯಲ್ಲೂ ದೀಕ್ಷಾಸ್ನಾನ ಮತ್ತು ಮದುವೆಯ ದಫ್ತರು ಇಡಬೇಕೆಂದು ವಿಧಿಸಿತ್ತು. ಆದ್ದರಿಂದ ‘ಹಳೆಯ ಪುಸ್ತಕ ಏನಾದರೂ ಉಂಟಾ?’ ಎಂದು ಪಾದ್ರಿಯವರನ್ನು ಕೇಳುವ ಹಕ್ಕು ನಿಮಗಿದೆ; ‘ಇಲ್ಲ, ಗೆದ್ದಲು’ ಎನ್ನುವ ಹಕ್ಕು ಅವರಿಗಿದೆ. ಸಿಕ್ಕರೆ ಪುಟದ ಫೋಟೊ ತೆಗೆಯುವ ಮೊದಲು ಮತ್ತೊಮ್ಮೆ ಕೇಳಿ. ಅದರಲ್ಲಿರುವುದು ಜನರ ಹುಟ್ಟು, ಮದುವೆ, ಸಾವು. ನಿಮ್ಮ ಸ್ಟೇಟಸ್ಸಿಗೆ ಹಾಕುವ ಸರಕಲ್ಲ.

ಊರಲ್ಲಿ ಸಿಗದ್ದು ಹೊರಗೆ ಸಿಗಬಹುದು. ಉತ್ತರ ಕನ್ನಡದ ಇಗರ್ಜಿಗಳು ಬಹುಕಾಲ ಗೋವೆಯ ಆರ್ಚ್‌ಬಿಷಪ್ಪರಿಗೆ ಸೇರಿದ್ದವು, 1953ರಲ್ಲಿ ಬೆಳಗಾವಿ ಧರ್ಮಪ್ರಾಂತಕ್ಕೆ ಹೋದವು, 1976ರಲ್ಲಿ ಕಾರವಾರ ಧರ್ಮಪ್ರಾಂತವಾಯಿತು. ಊರಿನ ಇಗರ್ಜಿ ಕೂತಲ್ಲೇ ಕೂತಿತ್ತು, ಅದರ ಕಾಗದ ಮಾತ್ರ ಕಚೇರಿಯಿಂದ ಕಚೇರಿಗೆ ಓಡಾಡಿತು. ಅರಸರ ಜೊತೆಗಿನ ಕರಾರುಗಳು, ನೆರೆಯ ರಾಜರಿಗೆ ಬರೆದ ಪತ್ರಗಳು ಪಣಜಿಯ ಪತ್ರಾಗಾರದಲ್ಲಿವೆ; ದಶಕಗಳ ಕಾಲ ಅದನ್ನು ಕಾದು, ಓದಿ, ಪ್ರಕಟಿಸಿದವರು ಪಾಂಡುರಂಗ ಪಿಸುರ್ಲೇಕರ್. ಅಷ್ಟು ದೂರ ಹೋಗಲಾಗದವರಿಗೆ ಎರಡು ಪುಸ್ತಕ: 1883ರ ಮುಂಬಯಿ ಗ್ಯಾಝೆಟಿಯರಿನ ಕೆನರಾ ಸಂಪುಟ, ಮತ್ತು ಸೆವೆರಿನ್ ಸಿಲ್ವಾ ಬರೆದ ಕೆನರಾ ಕ್ರೈಸ್ತರ ಇತಿಹಾಸ. ಎರಡನೆಯದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಲಿಸ್ಬನ್ನಿನಲ್ಲಲ್ಲ, ನಮ್ಮ ಕುಮಟೆಯಲ್ಲಿ.

8. ಫೆಸ್ತ್ ದಿನದ ಬಳಕೆ

ವರ್ಷದಲ್ಲಿ ಒಂದು ದಿನ ಮೇಲಿನ ಸೂಚನೆಗಳೆಲ್ಲ ರದ್ದಾಗುತ್ತವೆ. ಚಂದಾವರಕ್ಕೆ ಆ ದಿನ ಡಿಸೆಂಬರ್ 3, ಸಂತರು ತೀರಿಕೊಂಡ ದಿನ. ಒಂಬತ್ತು ದಿನದ ನೊವೇನ ಪ್ರಾರ್ಥನೆ ಮುಗಿಸಿ ಫೆಸ್ತ್ ಬರುತ್ತದೆ. ಇಗರ್ಜಿಯ ಮುಖ ಕಾಣುವುದಿಲ್ಲ, ತಲೆಗಳು ಕಾಣುತ್ತವೆ. ಅಂಗಳದಲ್ಲಿ ಬಳೆ, ಮಿಠಾಯಿ, ಪೀಪಿ, ಪ್ಲಾಸ್ಟಿಕ್ ಬಂದೂಕು. ಮೊಂಬತ್ತಿ ಹಚ್ಚುವ ಜಾಗದ ಹತ್ತಿರ ಮುಕ್ಕಾಲಿ ಇಡಬೇಡಿ. ಮೇಣ ಅದರ ಕಾಲಿಗಿಳಿದು ಗಟ್ಟಿಯಾದರೆ ಬಿಡಿಸುವುದು ಕಷ್ಟ. ಪಕ್ಕಕ್ಕೆ ನಿಂತು ಕೈಗಳನ್ನು ಮಾತ್ರ ನೋಡಿ. ಒಂದು ಕೈಯಲ್ಲಿ ಜಪಮಾಲೆ, ಅದರ ಬದಿಗೆ ಹಸಿರು ಗಾಜಿನ ಬಳೆ ತುಂಬಿದ ಕೈ, ಅದರ ಹಿಂದೆ ಮಣಿಕಟ್ಟಿಗೆ ಕಾಶಿ ದಾರ ಕಟ್ಟಿದ ಕೈ. ಮೂರೂ ಒಂದರ ಬೆಂಕಿಯಿಂದ ಇನ್ನೊಂದರ ಬತ್ತಿ ಹಚ್ಚಿಕೊಳ್ಳುತ್ತಿರುತ್ತವೆ. ಹರಕೆ ಹೊತ್ತವರನ್ನು ಯಾವ ಜಾತಿ ಎಂದು ಕೇಳಿ ಲೆಕ್ಕ ಬರೆದುಕೊಳ್ಳುವ ಉಮೇದು ಬಂದರೆ ಕ್ಯಾಮೆರಾ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಅವರು ಬಂದದ್ದು ಮಗುವಿನ ಜ್ವರಕ್ಕೆ, ಮಗಳ ಮದುವೆಗೆ, ಕಡಲಿಗೆ ಹೋದ ಗಂಡನಿಗಾಗಿ.

ಇಡೀ ವರ್ಷ ಹಳತನ್ನು ಹುಡುಕಿದವರಿಗೆ ಆರನೇ ಭಾಗದ ಕೊನೆಯಲ್ಲಿ ಹೇಳಿದ ಚಾಳಿ ಕಣ್ಣಿಗೆ ಕಾಣುವುದು ಈ ದಿನ. ಮುಂಬಯಿ, ಗೋವೆ, ಕೊಲ್ಲಿ ದೇಶಗಳಿಗೆ ಹೋದವರು ರಜೆ ಹೊಂದಿಸಿಕೊಂಡು ಬಂದು ಅದೇ ಅಂಗಳದಲ್ಲಿ ನಿಲ್ಲುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ನಡೆದು ಬಂದವರಿಗೆ ರಿಸರ್ವೇಶನ್ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

9. ದೋಷ ಮತ್ತು ಪರಿಹಾರ

*ದೋಷ:* ಚಿತ್ರದಲ್ಲಿ ಇಗರ್ಜಿ ತೀರ ಹೊಸದಾಗಿ ಕಾಣುತ್ತದೆ.
*ಪರಿಹಾರ:* ಕಪ್ಪುಬಿಳುಪು ಮಾಡಬೇಡಿ. ಅದು ಇಗರ್ಜಿಗೆ ವಯಸ್ಸು ಕೊಡುವುದಿಲ್ಲ, ನಿಮಗೆ ಕೊಡುತ್ತದೆ.

*ದೋಷ:* ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ, ಖುರ್ಸ್ ಕಟ್ಟೆಯೇ ಪೆವಿಲಿಯನ್.
*ಪರಿಹಾರ:* ಓವರ್ ಮುಗಿಯುವವರೆಗೆ ಕಾಯಿರಿ, ಆಮೇಲೆ ಅವರನ್ನೂ ಸೇರಿಸಿ ತೆಗೆಯಿರಿ. ನೂರು ವರ್ಷದ ನಂತರ ಈ ಫೋಟೊ ನೋಡುವವರು ಗೋಡೆಯನ್ನು ನೋಡುವುದಿಲ್ಲ, ಹುಡುಗರ ಚಡ್ಡಿಯನ್ನು ನೋಡುತ್ತಾರೆ.

*ದೋಷ:* ಒಬ್ಬರು ನಾನೂರು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಇನ್ನೂರು ಎನ್ನುತ್ತಾರೆ.
*ಪರಿಹಾರ:* ಇಬ್ಬರ ಮಾತನ್ನೂ ಬರೆದುಕೊಳ್ಳಿ. ಮೊದಲಿನವರು ಊರಿನ ವಯಸ್ಸು ಹೇಳುತ್ತಿದ್ದಾರೆ, ಎರಡನೆಯವರು ಗೋಡೆಯದು.

*ದೋಷ:* ಚಂದಾವರದ ಕೋಟೆಯ ವಿಚಾರ ಕೇಳಿದರೆ ಸರ್ಪಮಲ್ಲಿಕನೆಂಬ ಅರಸನ ಕಥೆ ಶುರುವಾಗಿ, ಮುಗಿಯುತ್ತಿಲ್ಲ.
*ಪರಿಹಾರ:* ಇದು ದೋಷವಲ್ಲ. ಇನ್ನೊಂದು ಚಾ ಹೇಳಿ.

10. ಖಾತರಿ

ಈ ಕೈಪಿಡಿ ಪಾಲಿಸಿದರೆ ಒಳ್ಳೆಯ ಫೋಟೊ ಬರುತ್ತದೆಂಬ ಖಾತರಿ ಇಲ್ಲ. ಬಂದರೆ ಮುಂದಿನ ಫೆಸ್ತಿನ ಫ್ಲೆಕ್ಸಿನಲ್ಲಿ ದಾನಿಗಳ ಹಿಂದೆ, ಅರ್ಧ ಕತ್ತರಿಸಿದ ಸ್ಥಿತಿಯಲ್ಲಿ, ನಿಮ್ಮ ಹೆಸರಿಲ್ಲದೆ ಅದು ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಪೂರ್ಣ ಖಾತರಿ ಇದೆ. ಇದನ್ನು ಗೌರವವೆಂದು ತಿಳಿಯುವುದು.

ಖಾತರಿ ಊರ್ಜಿತವಾಗಿರಲು ಒಂದೇ ಷರತ್ತು. ಫೋನಿನಲ್ಲೇ ಕೊಳೆಯಲು ಬಿಡದೆ ಫೋಟೊವನ್ನು ಪ್ರಿಂಟ್ ಹಾಕಿಸಿ. ಹಿಂದುಗಡೆ ಪೆನ್ಸಿಲಿನಲ್ಲಿ ತಾರೀಕು, ಊರು, ನೀವು ನಿಂತ ಜಾಗ, ಗೋಡೆಗೆ ಆಗಿದ್ದ ಬಣ್ಣ, ಒಪ್ಪಿದವರಿದ್ದರೆ ಅವರ ಹೆಸರು ಬರೆಯಿರಿ. ಒಂದು ಪ್ರತಿಯನ್ನು ಪಾದ್ರಿಯವರ ಮನೆಯ ಕಪಾಟಿಗೆ ಕೊಡಿ; ಗೆದ್ದಲಿನ ಪಾಲು ಹೋಗಿ ಉಳಿದದ್ದು ಉಳಿಯಲಿ. 1678ರಲ್ಲಿ ಆ ಕರಾರನ್ನು ಬರೆದ ಗುಮಾಸ್ತ ಯಾರೋ, ಅವನ ಹೆಸರು ಯಾರಿಗೂ ಬೇಡ. ಆದರೆ ಮಿರ್ಜಾನ ಎಂದು ಬರೆದ ಮೇಲೆ ಅವನಿಗೆ ಬೇಸರ ಬಂದು, ಮುಂದಿನ ಊರುಗಳ ಜಾಗದಲ್ಲಿ ‘ಇತ್ಯಾದಿ’ ಎಂದು ಗೀಚಿದ್ದರೆ, ಚಂದಾವರ ತನ್ನ ವಯಸ್ಸನ್ನು ಇಷ್ಟು ಧೈರ್ಯವಾಗಿ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ನೀವೂ ‘ಇತ್ಯಾದಿ’ ಬರೆಯಬೇಡಿ.